ಥರ್ಮೋಸ್ಟಾಟ್ ಹೌಸಿಂಗ್‌ನಿಂದ ಕೂಲೆಂಟ್ ಸೋರಿದರೆ: ಬೋಲ್ಟ್ ಬಿಗಿಯುವ ಮುನ್ನ

ರಾತ್ರಿ ನಿಲ್ಲಿಸಿದ ಕಾರಿನ ಕೆಳಗೆ ಬೆಳಿಗ್ಗೆ ಅಂಗೈಯಗಲ ಹಸಿರು ತೇವ ಕಂಡು, ಎಂಜಿನ್ ಬಿಸಿಯಾದ ಮೇಲೆ ಹನಿ ನಿಂತುಹೋದರೆ, ಮೊದಲು ಅನುಮಾನಿಸಬೇಕಾದ ಜಾಗಗಳಲ್ಲಿ ಥರ್ಮೋಸ್ಟಾಟ್ ಹೌಸಿಂಗ್ ಒಂದು. ಹಲವು ಹಳೆಯ ಪೆಟ್ರೋಲ್ ಕಾರುಗಳಲ್ಲಿ ರೇಡಿಯೇಟರ್‌ನ ಮೇಲಿನ ಹೋಸ್ ಎಂಜಿನ್ನಿಗೆ ಸೇರುವ ಕಡೆ, ಎರಡು ಬೋಲ್ಟ್‌ಗಳ ಮೇಲೆ ಕುಳಿತಿರುವ, ಮೊಣಕೈಯಂತೆ ಬಾಗಿದ ಅಲ್ಯುಮಿನಿಯಂ ಮುಚ್ಚಳವೇ ಇದು. ಎಂಜಿನ್ ಬಿಸಿಯಾದಾಗ ತೆರೆದು, ಎಂಜಿನ್ ತಣಿಸುವ ದ್ರವವಾದ ಕೂಲೆಂಟನ್ನು ರೇಡಿಯೇಟರ್‌ಗೆ ಬಿಡುವ ಕವಾಟ, ಅಂದರೆ ಥರ್ಮೋಸ್ಟಾಟ್, ಇದರಡಿ ಇರುತ್ತದೆ. ತಣ್ಣಗಾದಾಗ ಲೋಹವೂ ರಬ್ಬರೂ ಕುಗ್ಗಿ ಸಣ್ಣ ಸಂದಿ ಬಿಡುತ್ತವೆ, ಬಿಸಿಯಾದಾಗ ಹಿಗ್ಗಿ ಆ ಸಂದಿಯನ್ನು ತಾವೇ ಮುಚ್ಚುತ್ತವೆ. ಗ್ಯಾರೇಜಿಗೆ ಬಿಸಿ ಎಂಜಿನ್ ಒಯ್ದು ತೋರಿಸಿದಾಗ ‘ಸೋರಿಕೆಯೇ ಇಲ್ಲವಲ್ಲ’ ಎಂಬ ಉತ್ತರ ಸಿಗುವುದು ಇದರಿಂದಲೇ.

ಸೋರಿಕೆ ಇಲ್ಲಿಯದೇ ಎಂದು ಮೊದಲು ಖಚಿತಪಡಿಸಿಕೊಳ್ಳಬೇಕು. ದ್ರವ ಕೆಳಕ್ಕೆ ಹರಿಯುವುದರಿಂದ ಹನಿ ಬಿದ್ದ ಜಾಗ ಮೂಲವಲ್ಲ. ತೇವದ ಅತ್ಯಂತ ಮೇಲಿನ ಅಂಚನ್ನು ಟಾರ್ಚ್ ಹಿಡಿದು ಹುಡುಕಬೇಕು. ಒಣಗಿದ ಕೂಲೆಂಟ್ ಬಿಳಿ ಇಲ್ಲವೇ ಹಸಿರು ಪುಡಿಯಾಗಿ, ಹಳೆಯ ಗೋಡೆಯ ಮೇಲೆ ಉಪ್ಪು ಹೂತಂತೆ ಅಂಟಿಕೊಂಡಿರುತ್ತದೆ. ಆ ಪುಡಿ ಎರಡು ಲೋಹಗಳ ನಡುವಿನ ಗೆರೆಯಲ್ಲಿದ್ದರೆ ದೋಷ ಪ್ಯಾಕಿಂಗ್‌ನದು, ಅಂದರೆ ಸಂದಿ ಮುಚ್ಚಲು ನಡುವೆ ಇಡುವ ಕಾಗದ ಇಲ್ಲವೇ ರಬ್ಬರಿನದು. ಹೋಸ್‌ನ ಬಾಯಲ್ಲಿದ್ದರೆ ಕ್ಲಿಪ್‌ನದು ಅಥವಾ ಹೋಸ್‌ನ ಒಳಗಿನ ಕೊಳವೆ ಸವೆದಿರುವುದರದು. ಕೂಲೆಂಟ್ ಹಾದಿಗೆ ಗಾಳಿಯ ಒತ್ತಡ ಕೊಡುವ ಕೂಲಿಂಗ್ ಪ್ರೆಶರ್ ಪಂಪ್ ಎರವಲು ಸಿಕ್ಕರೆ, ತಣ್ಣಗಿರುವ ಎಂಜಿನ್ನಿಗೆ ರೇಡಿಯೇಟರ್ ಮುಚ್ಚಳದ ಮೇಲೆ ಅಚ್ಚೊತ್ತಿರುವ ಒತ್ತಡದಷ್ಟನ್ನೇ, ಸಾಮಾನ್ಯವಾಗಿ 0.9ರಿಂದ 1.1 ಬಾರ್, ಕೊಟ್ಟು ಹತ್ತು ನಿಮಿಷ ಕಾದರೆ ಹನಿ ತಾನಾಗಿ ಮೂಡುತ್ತದೆ.

ಎಂಜಿನ್ ಪೂರ್ತಿ ತಣಿಯದೆ ರೇಡಿಯೇಟರ್ ಮುಚ್ಚಳ ತೆಗೆಯಕೂಡದು. ಒತ್ತಡದಲ್ಲಿ ನೂರು ಡಿಗ್ರಿ ದಾಟಿಯೂ ಕುದಿಯದೆ ನಿಂತಿರುವ ಕೂಲೆಂಟ್, ಮುಚ್ಚಳ ಸಡಿಲಿದ ಕ್ಷಣ ಆವಿಯಾಗಿ ಮುಖಕ್ಕೆ ಚಿಮ್ಮುತ್ತದೆ. ಹೌಸಿಂಗ್‌ನ ಮಟ್ಟಕ್ಕಿಂತ ಕೆಳಗಾಗುವಷ್ಟು ಕೂಲೆಂಟನ್ನು ಬೋಗುಣಿಗೆ ಇಳಿಸಿ, ಅದನ್ನು ಕೂಡಲೇ ಮುಚ್ಚಿಡಿ. ಕೂಲೆಂಟ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ವಿಷವೂ ಹೌದು. ಬೀದಿನಾಯಿಗಳು ನೆಕ್ಕಿ ಸಾಯುತ್ತವೆ.

ಬೋಲ್ಟ್‌ಗಳು ಉಕ್ಕಿನವು, ಕೂತಿರುವುದು ಅಲ್ಯುಮಿನಿಯಂನಲ್ಲಿ. ವರ್ಷಗಟ್ಟಲೆ ತೇವ ತಿಂದ ಇವು ಕಚ್ಚಿಕೊಂಡಿರುತ್ತವೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಅರ್ಧ ಗಂಟೆ ಬಿಟ್ಟು, ಕಾಲು ಸುತ್ತು ಸಡಿಲಿಸಿ ಮತ್ತೆ ಅಷ್ಟೇ ಬಿಗಿದು, ಹೀಗೆ ಹಿಂದೆ ಮುಂದೆ ಆಡಿಸುತ್ತ ಬಿಚ್ಚಬೇಕು. ಅವಸರದಿಂದ ಉದ್ದದ ಹಿಡಿಕೆ ಹಾಕಿ ಒಮ್ಮೆ ನಾನು ಬೋಲ್ಟ್‌ನ ತಲೆ ಮುರಿದು, ಒಂದು ಗಂಟೆಯ ಕೆಲಸವನ್ನು ಎರಡು ದಿನ ಮಾಡಿದ್ದೇನೆ.

ಹೌಸಿಂಗ್‌ನ ಮುಚ್ಚಳ ಕೈಗೆ ಬಂದ ಮೇಲೆಯೇ ನಿಜವಾದ ಕೆಲಸ. ಹೊಸ ಪ್ಯಾಕಿಂಗ್ ಹಾಕಿದ ತಿಂಗಳಲ್ಲೇ ಮತ್ತೆ ಸೋರುವುದಕ್ಕೆ ಕಾರಣ ಬಹುತೇಕ ಮುಚ್ಚಳ ಎಂಜಿನ್ನಿಗೆ ತಾಗಿ ಕೂರುವ ಮುಖದಲ್ಲಿರುತ್ತದೆ. ಎಂಜಿನ್ ಬದಿಯ ರಂಧ್ರಕ್ಕೆ ಬಟ್ಟೆ ತುರುಕಿ, ಹಳೆಯ ಕಾಗದವನ್ನೂ ಅಂಟನ್ನೂ ಪ್ಲಾಸ್ಟಿಕ್ ಅಥವಾ ಹಿತ್ತಾಳೆಯ ಪಟ್ಟಿಯಿಂದ ಕೆರೆಯಬೇಕು. ಉಕ್ಕಿನ ಅಲಗು ಅಲ್ಯುಮಿನಿಯಂ ಮೇಲೆ ಗೀರು ಬಿಡುತ್ತದೆ, ಆ ಗೀರೇ ನಾಳೆಯ ಕಾಲುವೆ. ಬಳಿಕ ಕಣ್ಣು ಮುಚ್ಚಿ ಉಗುರನ್ನು ಮುಖದ ಮೇಲೆ ನಿಧಾನವಾಗಿ ಎಳೆಯಿರಿ: ಎಲ್ಲಾದರೂ ಉಗುರು ಸಿಕ್ಕಿಕೊಂಡರೆ ಅಲ್ಲಿ ತುಕ್ಕಿನ ಗುಳಿ ಇದೆ. ದಪ್ಪ ಗಾಜಿನ ಮೇಲೆ 400ರ ನೀರು ಕಾಗದ (ನೀರು ಹಾಕಿ ಉಜ್ಜುವ ನಯವಾದ ಮರಳು ಕಾಗದ) ಹಾಸಿ, ಮುಚ್ಚಳವನ್ನು ಎಂಟರ ಆಕಾರದಲ್ಲಿ ನಾಲ್ಕಾರು ಸಲ ಉಜ್ಜಿದರೆ ತಗ್ಗು ಎಲ್ಲಿದೆಯೆಂದು ಹೊಳಪೇ ಹೇಳುತ್ತದೆ. ಅತಿಯಾಗಿ ಬಿಗಿದಿದ್ದ ಮುಚ್ಚಳಗಳಲ್ಲಿ ಬೋಲ್ಟ್ ಕಿವಿಗಳು ಕೆಳಕ್ಕೆ ಬಾಗಿ, ನಡುಭಾಗ ಎದ್ದಿರುತ್ತದೆ. ಇನ್ನಷ್ಟು ಬಿಗಿದಷ್ಟೂ ಇನ್ನಷ್ಟು ಸೋರುತ್ತದೆ. ಸಣ್ಣ ಬಾಗು ಉಜ್ಜಿದರೆ ಹೋಗುತ್ತದೆ, ಆಳವಾದ ಗುಳಿ ಹೋಗದು. ಆಗ ಹೊಸ ಮುಚ್ಚಳವೇ ಸರಿ. ಪ್ಲಾಸ್ಟಿಕ್ ಹೌಸಿಂಗ್ ಬಿರುಕು ಬಿಟ್ಟಿದ್ದರೆ ಅಂಟು ಹಚ್ಚುವ ಯೋಚನೆಯೇ ಬೇಡ.

ಬಿಚ್ಚಿದ್ದಾಗಲೇ ಥರ್ಮೋಸ್ಟಾಟನ್ನೂ ಪರೀಕ್ಷಿಸಬಹುದು. 82 ಎಂದು ಅಚ್ಚಾಗಿದ್ದರೆ, ಅಡುಗೆಗೆ ಮತ್ತೆ ಬಳಸದ ಪಾತ್ರೆಯ ನೀರಿನಲ್ಲಿ ದಾರಕ್ಕೆ ಕಟ್ಟಿ ತೂಗುಬಿಟ್ಟು ಕಾಯಿಸಿದಾಗ ಆ ತಾಪದ ಸುಮಾರಿಗೆ ಬಾಯಿ ಬಿಡಬೇಕು. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ನೀರು ಕುದಿಯುವುದೇ 97 ಡಿಗ್ರಿಯ ಆಸುಪಾಸಿನಲ್ಲಿ, ಹಾಗಾಗಿ ಕುದಿತವನ್ನೇ ನೂರು ಡಿಗ್ರಿಯೆಂದು ಎಣಿಸಬೇಡಿ.

ಕೂರಿಸುವಾಗ, ಮೇಲಿನ ಹೋಸ್‌ನ ಕಡೆಯ ಥರ್ಮೋಸ್ಟಾಟ್ ಆದರೆ ಸ್ಪ್ರಿಂಗ್ ಎಂಜಿನ್ ಕಡೆಗೂ, ಗಾಳಿ ಬಿಡುವ ಪುಟ್ಟ ಪಿನ್ ಇದ್ದರೆ ಅದು ಮೇಲ್ಗಡೆಗೂ ಇರಬೇಕು. ರಬ್ಬರ್ ರಿಂಗ್ ಇರುವಲ್ಲಿ ಸಿಲಿಕೋನ್ ಅಂಟು ಬೇಡವೇ ಬೇಡ. ಒಳಕ್ಕೆ ಹಿಂಡಿಕೊಂಡ ಅಂಟು ಕಳಚಿ ಹೀಟರ್‌ನ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳಬಹುದು. ಆರು ಮಿಲಿಮೀಟರ್ ಬೋಲ್ಟ್‌ಗಳಿಗೆ ಸುಮಾರು 10 ನ್ಯೂಟನ್ ಮೀಟರ್ ಬಿಗಿತ ಸಾಕು, ಕೈಪಿಡಿಯ ಅಂಕಿ ಸಿಕ್ಕರೆ ಅದೇ ಕೊನೆಯ ಮಾತು. ಎರಡನ್ನೂ ಸರದಿಯಂತೆ, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು.

ತುಂಬುವುದು ಡಿಸ್ಟಿಲ್ಡ್ ವಾಟರ್ ಬೆರೆಸಿದ, ಕೈಪಿಡಿ ಹೇಳಿದ ಜಾತಿಯ ಕೂಲೆಂಟ್. ಬೋರ್‌ವೆಲ್ ನೀರಿನ ಲವಣಗಳು ಇದೇ ಮುಖವನ್ನು ಮತ್ತೆ ತಿನ್ನುತ್ತವೆ. ಹೀಟರ್‌ನ ತಿರುಗುಗುಂಡಿಯನ್ನು ಪೂರ್ತಿ ಬಿಸಿಗೆ ತಿರುಗಿಸಿ, ತಣ್ಣಗಿನ ಎಂಜಿನ್ನಿಗೆ ರೇಡಿಯೇಟರ್ ಮುಚ್ಚಳ ತೆರೆದಿಟ್ಟೇ ನಿಧಾನವಾಗಿ ತುಂಬಿ ಚಾಲೂ ಮಾಡಿದರೆ ಸಿಕ್ಕಿದ ಗಾಳಿ ಗುಳ್ಳೆಗಳಾಗಿ ಬರುತ್ತದೆ. ಮಟ್ಟ ಇಳಿದಂತೆ ಸೇರಿಸುತ್ತ, ದ್ರವ ಮೇಲೇಳತೊಡಗಿದಾಗ ಮುಚ್ಚಳ ಹಾಕಿ. ಮೇಲಿನ ಹೋಸ್ ಒಮ್ಮೆಲೇ ಬಿಸಿಯಾದರೆ ಥರ್ಮೋಸ್ಟಾಟ್ ತೆರೆಯಿತೆಂದು ಅರ್ಥ. ಮರುದಿನ ಬೆಳಿಗ್ಗೆ, ಎಂಜಿನ್ ಚಾಲೂ ಮಾಡುವ ಮೊದಲೇ, ಹೌಸಿಂಗ್ ಮುಚ್ಚಳದ ಕೆಳಗಿನ ಗೆರೆಗೆ ಒಣ ಟಿಶ್ಯೂ ಕಾಗದ ಒತ್ತಿ ನೋಡಿ.