ಗಾಡಿ ಹೊಡೆದವರು ಯಾರು?

ಇಪ್ಪತ್ತೊಂಬತ್ತು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದವಳು ನಾನು. ತಪ್ಪು ಕಂಡಲ್ಲಿ ಕೆಂಪು ಶಾಯಿ ಹಾಕುವುದು ನನ್ನ ಕೆಲಸ. ಮನೆಗೆ ಬಂದ ಮೇಲೂ ಅದೇ ಕಣ್ಣು, ಅದೇ ಕೈ. ಅತ್ತೆ ಯಾರನ್ನಾದರೂ ಇಂಥವರ ಮಗ ಎಂದರೆ ‘ಮಗನಲ್ಲ, ಮೊಮ್ಮಗ’ ಎನ್ನುತ್ತಿದ್ದೆ. ಮಗಳು ಸೀರೆಯ ಬೆಲೆ ಹೇಳಿದರೆ ರಸೀದಿ ನೋಡುತ್ತಿದ್ದೆ. ಬಹುಪಾಲು ನಾನು ಹೇಳಿದ್ದೇ ಸರಿ ಇರುತ್ತಿತ್ತು. ತೊಂದರೆ ಇದ್ದದ್ದೇ ಅಲ್ಲಿ. ಆಗಾಗ ತಪ್ಪು ಹೇಳಿ ಸಿಕ್ಕಿಬಿದ್ದಿದ್ದರೆ ಬೇಗ ಎಚ್ಚರವಾಗುತ್ತಿತ್ತೋ ಏನೋ.

ನಮ್ಮ ಯಜಮಾನರಿಗೆ ಒಂದು ಕಥೆ ಬಲು ಇಷ್ಟ. 1991ರ ಡಿಸೆಂಬರ್. ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ರಾಜಪತ್ರದಲ್ಲಿ ಪ್ರಕಟವಾಗಿ ಬೆಂಗಳೂರು, ಮೈಸೂರು, ಮಂಡ್ಯ ಎಲ್ಲ ಕಡೆ ಗಲಾಟೆ ಎದ್ದಿತ್ತು. ಬಸ್ಸುಗಳು ನಿಂತಿದ್ದವು. ಕೆರಗೋಡಿನ ಕಡೆಯ ತಮ್ಮ ಊರಿನಿಂದ ಮಂಡ್ಯದ ನಮ್ಮ ಮನೆಗೆ ಗಂಡಿನ ಕಡೆಯವರು ಎತ್ತಿನ ಗಾಡಿ ಕಟ್ಟಿಕೊಂಡು ಬಂದರು. ಈ ಕಥೆಯನ್ನು ಇವರು ಹೇಳುವಾಗ ‘ನಮ್ಮ ಮದುವೆಗೆ ಗಾಡಿಯಲ್ಲಿ ಹೋದೆವು’ ಎನ್ನುತ್ತಾರೆ. ಗಾಡಿಯಲ್ಲಿ ಬಂದದ್ದು ನಿಶ್ಚಿತಾರ್ಥಕ್ಕೆ. ಧನುರ್ಮಾಸ ಹುಟ್ಟುವ ಮುಂಚೆ ತಾಂಬೂಲ ಬದಲಾಯಿಸಿಬಿಡಬೇಕು ಎಂದು ಹಿರಿಯರು ಹಟ ಹಿಡಿದದ್ದರಿಂದಲೇ ಆ ಗಲಾಟೆಯಲ್ಲೂ ಹೊರಟು ಬಂದರು. ಮದುವೆ ಆದದ್ದು 1992ರ ಫೆಬ್ರವರಿಯಲ್ಲಿ, ಊರು ತಣ್ಣಗಾದ ಮೇಲೆ, ಬಸ್ಸು ಗೊತ್ತುಮಾಡಿಕೊಂಡು.

ಮಗಳ ಮದುವೆ ಮುಗಿದು ಬೀಗರ ಊಟಕ್ಕೆ ಎರಡೂ ಕಡೆಯವರು ಸೇರಿದ್ದೆವು. ಊಟವಾಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಇವರು ಹೊಸ ಬೀಗರಿಗೆ ಗಾಡಿಯ ಕಥೆ ಶುರುಮಾಡಿದರು. ‘ನಮ್ಮ ಮದುವೆಯ ದಿನ ಒಂದು ಬಸ್ಸೂ ಇಲ್ಲ ನೋಡಿ’ ಎಂದ ಕೂಡಲೇ ನಾನು ‘ಅದು ನಿಶ್ಚಿತಾರ್ಥ’ ಎಂದೆ. ‘ಮದುವೆಯೇ ಕಣೆ’ ಎಂದರು. ನಾನು ಎದ್ದು ಒಳಗೆ ಹೋದೆ. ಟ್ರಂಕಿನ ತಳದಲ್ಲಿದ್ದ ಲಗ್ನಪತ್ರಿಕೆ ಹುಡುಕಿ ತಂದು ಅವರ ಕೈಗಿಟ್ಟೆ. ನಾಲ್ಕು ಮೂಲೆಗೆ ಹಚ್ಚಿದ್ದ ಅರಿಶಿನ ಕಂದಿ ಕಂದು ಬಣ್ಣಕ್ಕೆ ತಿರುಗಿತ್ತು. ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ತಾರೀಕು ಓದಿದರು. ‘ಹೌದು, ನೀನು ಹೇಳಿದ್ದೇ ಸರಿ’ ಎಂದರು. ಪತ್ರಿಕೆಯನ್ನು ಹಳೆಯ ಮಡಿಕೆಯಲ್ಲೇ ಮಡಿಸಿ ವಾಪಸು ಕೊಟ್ಟರು. ಬೀಗರು ಮಳೆಯ ವಿಷಯಕ್ಕೆ ಬಂದರು. ಮುಂದೆ ಏನಾಯಿತು ಎಂದು ಯಾರೂ ಕೇಳಲಿಲ್ಲ.

ಏಳೆಂಟು ತಿಂಗಳ ಮೇಲೆ ಮಗಳು ತವರಿಗೆ ಬಂದಿದ್ದಾಗ ಅವರೆಕಾಯಿ ಸುಲಿಯುತ್ತಾ ಅಂದಳು: ‘ಅಮ್ಮಾ, ಅಪ್ಪ ಗಾಡಿಯ ಕಥೆ ಹೇಳುವುದನ್ನೇ ಬಿಟ್ಟುಬಿಟ್ಟಿದ್ದಾರೆ, ಗಮನಿಸಿದೆಯಾ?’ ನಾನು ಗಮನಿಸಿರಲಿಲ್ಲ. ಆ ರಾತ್ರಿ ಎಣಿಸಿ ನೋಡಿದೆ. ಅವರು ನನ್ನೆದುರು ಹೇಳುವುದನ್ನು ಬಿಟ್ಟಿದ್ದು ಗಾಡಿಯ ಕಥೆ ಒಂದನ್ನೇ ಆಗಿರಲಿಲ್ಲ.

ಬದಲಾಗಬೇಕು ಎಂದುಕೊಂಡವಳು ಮೊದಲು ಮಾಡಿದ್ದು ಬಾಯಿಗೆ ಬೀಗ ಹಾಕಿಕೊಂಡದ್ದು. ಅದು ಕೆಲಸಕ್ಕೆ ಬರಲಿಲ್ಲ. ಇವರು ಏನೋ ಹೇಳುತ್ತಿದ್ದವರು ನಡುವೆ ನಿಲ್ಲಿಸಿ, ನನ್ನ ಮುಖ ನೋಡಿ, ‘ಏನು, ತಪ್ಪಾಯಿತೇ?’ ಎಂದು ಕೇಳಿದರು. ಬಾಯಿ ಮುಚ್ಚಿದ್ದರೂ ನನ್ನ ಹುಬ್ಬು ತಿದ್ದುತ್ತಲೇ ಇತ್ತು. ಅದಕ್ಕಿಂತ ಕೆಟ್ಟದ್ದು ‘ಆಯಿತು, ನೀವು ಹೇಳಿದ್ದೇ ಸರಿ’ ಎಂದು ಪಾತ್ರೆ ಕುಕ್ಕುವುದು. ಅದನ್ನೂ ಮಾಡಿದ್ದೇನೆ. ಆ ಮಾತಿನಲ್ಲಿ ಸೋಲು ಎಳ್ಳಷ್ಟೂ ಇಲ್ಲ. ನಿಮ್ಮ ಜತೆ ವಾದಿಸುವುದು ನನ್ನ ಘನತೆಗೆ ಕಡಿಮೆ ಎಂದು ಹೇಳುವ ಇನ್ನೊಂದು ದಾರಿ ಅದು. ಮೌನವನ್ನು ತಾಳ್ಮೆ ಎಂದು ಕರೆದುಕೊಳ್ಳುವವರು ಒಮ್ಮೆ ತಮ್ಮ ಮುಖ ಹೇಗಿರುತ್ತದೆ ಎಂದು ಮಕ್ಕಳನ್ನು ಕೇಳಿ ನೋಡಬೇಕು.

ಆ ದಿನಗಳಲ್ಲೇ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್ಮನ್ ಬಗ್ಗೆ ಓದಿದೆ. ದಂಪತಿಗಳನ್ನು ಕೂರಿಸಿ, ಅವರ ಮಾತುಕತೆಯನ್ನು ಚಿತ್ರೀಕರಿಸಿ, ವರ್ಷಗಳ ನಂತರ ಮತ್ತೆ ಕರೆಸಿ ನೋಡಿದವರು ಅವರು. ದಾಂಪತ್ಯದ ಭಿನ್ನಾಭಿಪ್ರಾಯಗಳಲ್ಲಿ ಶೇ 69ರಷ್ಟು ಕೊನೆಯವರೆಗೂ ಬಗೆಹರಿಯದೆ ಉಳಿಯುವಂಥವು ಎಂಬುದು ಅವರ ಲೆಕ್ಕ. ಚೆನ್ನಾಗಿ ಬಾಳುವವರ ಮನೆಯಲ್ಲೂ ಅವು ಹಾಗೆಯೇ ಇರುತ್ತವಂತೆ. ಗಣಿತದವಳಾದ ನನ್ನನ್ನು ಆ ಅಂಕಿ ಹಿಡಿದು ನಿಲ್ಲಿಸಿತು. ಪ್ರತಿ ಲೆಕ್ಕಕ್ಕೂ ಒಂದು ಉತ್ತರ ಇದ್ದೇ ಇದೆ, ಅದನ್ನು ಬಿಡಿಸದೆ ಏಳಬಾರದು ಎಂಬ ಹಟದಲ್ಲಿ ನಾನು ಸಂಸಾರ ಮಾಡಿದ್ದೆ.

ಕೊನೆಗೆ ಕೈಹಿಡಿದದ್ದು ಬಹಳ ಸಣ್ಣ ಅಭ್ಯಾಸ. ‘ಅದು ಹಾಗಲ್ಲ’ ಎಂಬ ಮಾತು ನಾಲಿಗೆಯ ತುದಿಗೆ ಬಂದಾಗ ಅದರ ಜಾಗದಲ್ಲಿ ಒಂದು ಪ್ರಶ್ನೆ ಇಡುವುದು. ಸುಮ್ಮನಿರುವುದಕ್ಕಿಂತ ಇದು ಸುಲಭ, ಏಕೆಂದರೆ ಬಾಯಿಗೆ ಕೆಲಸವಿರುತ್ತದೆ. ಆದರೆ ಪ್ರಶ್ನೆಯ ಉತ್ತರ ನನಗೆ ನಿಜವಾಗಿಯೂ ಗೊತ್ತಿರಬಾರದು. ‘ಅದು ಯಾವ ತಿಂಗಳು ಹೇಳಿ ನೋಡೋಣ’ ಎಂದರೆ ಅದು ಪರೀಕ್ಷೆ. ಅಂಥ ಪ್ರಶ್ನೆಯನ್ನು ಎದುರಿನವರು ಮೊದಲ ಪದದಲ್ಲೇ ಗುರುತಿಸುತ್ತಾರೆ.

ಒಂದು ಸಂಜೆ ಕರೆಂಟು ಹೋಗಿತ್ತು. ಜಗಲಿಯ ಮೇಲೆ ಇಬ್ಬರೇ ಕೂತಿದ್ದೆವು. ನಾನೇ ಕೇಳಿದೆ: ‘ಅವತ್ತು ಗಾಡಿ ಹೊಡೆದವರು ಯಾರು?’ ಇವರು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ‘ದೊಡ್ಡಪ್ಪ’ ಎಂದರು. ನಾಲೆಯ ಸೇತುವೆ ದಾಟುವಾಗ ಎಡಗಡೆಯ ಎತ್ತಿನ ಲಾಳ ಕಳಚಿತಂತೆ. ಭಾರ ಇಳಿಸಲು ಗಂಡಸರೆಲ್ಲ ಕೆಳಗಿಳಿದು ನಡೆದರಂತೆ. ವೀಳ್ಯದೆಲೆ ಬಾಡಬಾರದು ಎಂದು ನಮ್ಮ ಮಾವನವರು ಒದ್ದೆ ಬಟ್ಟೆ ಸುತ್ತಿದ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು, ದಾರಿಯಲ್ಲಿ ಸಿಕ್ಕ ಪ್ರತಿ ಕೊಳವೆಬಾವಿಯ ಹತ್ತಿರ ನಿಂತು ನೀರು ಚಿಮುಕಿಸುತ್ತಾ ಬಂದರಂತೆ. ‘ಹೆಣ್ಣಿನ ಮನೆಗೆ ಬಾಡಿದ ಎಲೆ ಕೊಡಬಾರದು ಕಣೋ’ ಎಂದು ಇವರಿಗೆ ದಾರಿಯುದ್ದಕ್ಕೂ ಹೇಳುತ್ತಿದ್ದರಂತೆ.

ಮಾವನವರು ತೀರಿಕೊಂಡು ಹದಿನಾಲ್ಕು ವರ್ಷವಾಗಿತ್ತು. ಅವರು ನನಗಾಗಿ ಹೊತ್ತು ತಂದ ಎಲೆಯನ್ನು ಈ ಕೈಯಲ್ಲಿ ತೆಗೆದುಕೊಂಡಿದ್ದೆ. ಮೂವತ್ತು ವರ್ಷದಿಂದ ಕಥೆಯನ್ನು ಮೊದಲ ವಾಕ್ಯದಲ್ಲೇ ತಡೆದು ನಿಲ್ಲಿಸುತ್ತಿದ್ದ ನನಗೆ ಬುಟ್ಟಿಯ ವಿಷಯ ಗೊತ್ತೇ ಇರಲಿಲ್ಲ. ಕತ್ತಲಿದ್ದದ್ದು ಒಳ್ಳೆಯದಾಯಿತು. ನಾನು ಅತ್ತದ್ದು ಇವರಿಗೆ ಕಾಣಲಿಲ್ಲ, ಅಥವಾ ಕಂಡರೂ ಕೇಳಲಿಲ್ಲ.

ಎಲ್ಲವನ್ನೂ ಬಿಟ್ಟುಕೊಡಬೇಕು ಎಂದು ನಾನು ಹೇಳುವುದಿಲ್ಲ. ರಕ್ತದೊತ್ತಡದ ಮಾತ್ರೆ ದಿನಕ್ಕೆ ಎರಡು ಎಂದು ಇವರು ಹಟ ಹಿಡಿದಾಗ ಡಾಕ್ಟರ ಚೀಟಿ ತೆಗೆದು ತೋರಿಸಿದೆ. ಅದಕ್ಕೆ ನನಗೆ ಬೇಸರವಿಲ್ಲ. ನಾಲೆಗೆ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸುತ್ತಾ, ನೀರು ಬಿಡುವ ದಿನವನ್ನು ಮೈದುನ ತಪ್ಪು ತಿಳಿದುಕೊಂಡಿದ್ದಾಗ ಫೋನು ಮಾಡಿ ಹೇಳಿದೆ. ಭತ್ತದ ಪೈರು ನನ್ನ ವಿನಯಕ್ಕಾಗಿ ಒಣಗಬಾರದು. ಮೈಗೆ, ದುಡ್ಡಿಗೆ, ಬೆಳೆಗೆ ಪೆಟ್ಟು ಬೀಳುವ ಕಡೆ ನೇರವಾಗಿ ಒಂದು ಸಲ ಹೇಳುತ್ತೇನೆ. ಇನ್ನೊಬ್ಬರ ನೆನಪಿನ ವಿಷಯವಾದರೆ ಕೈಹಾಕುವುದಿಲ್ಲ.

ಈ ಅಭ್ಯಾಸ ಇನ್ನೂ ಕೈಗೂಡದಿರುವುದು ತಂಗಿಯ ಹತ್ತಿರ. ಅವಳಿರುವುದು ಮೈಸೂರಿನಲ್ಲಿ. ಅಮ್ಮ ಆಸ್ಪತ್ರೆಯಲ್ಲಿದ್ದ ಕೊನೆಯ ದಿನಗಳ ಮಾತು ಬಂದಾಗಲೆಲ್ಲ ‘ಅಮ್ಮನನ್ನು ನೋಡಿಕೊಂಡವಳು ನಾನೊಬ್ಬಳೇ’ ಎನ್ನುತ್ತಾಳೆ. ನನ್ನ ಹತ್ತಿರ ಡೈರಿ ಇದೆ. ಯಾವ ರಾತ್ರಿ ಯಾರು ಉಳಿದೆವು ಎಂದು ಬರೆದಿಟ್ಟಿದ್ದೇನೆ: ಹನ್ನೊಂದು ರಾತ್ರಿ ಅವಳು, ಒಂಬತ್ತು ರಾತ್ರಿ ನಾನು. ಎರಡು ವರ್ಷದ ಹಿಂದೆ ಫೋನಿನಲ್ಲಿ ಆ ಲೆಕ್ಕ ಓದಿ ಹೇಳಿದೆ. ಅವಳು ಫೋನು ಇಟ್ಟಳು. ಆಮೇಲೆ ಹಬ್ಬಕ್ಕೆ ಬಂದಿದ್ದಾಳೆ, ಮಾತಾಡಿದ್ದಾಳೆ, ಆದರೆ ಅಮ್ಮನ ಹೆಸರು ನಮ್ಮಿಬ್ಬರ ನಡುವೆ ಬಂದಿಲ್ಲ.

ಈ ಭಾನುವಾರ ಬೆಳಗಿನ ರೈಲಿಗೆ ಅವಳು ಮಂಡ್ಯಕ್ಕೆ ಬರುತ್ತಾಳೆ. ಆ ಹನ್ನೊಂದು ರಾತ್ರಿ ಅಮ್ಮ ನಿದ್ದೆ ಬಾರದೆ ಎಚ್ಚರವಾಗಿದ್ದಾಗ ಅವಳ ಹತ್ತಿರ ಏನು ಮಾತಾಡುತ್ತಿದ್ದಳು ಎಂದು ನಾನು ಒಮ್ಮೆಯೂ ಕೇಳಿಲ್ಲ. ಕೇಳಬೇಕು.