ಚೆಕ್ ಭಾಷೆನ ಕನ್ನಡ ಅಕ್ಷರದಲ್ಲಿ ಬರ್ಕೊಂಡು ಕಲಿತ ಕಥೆ

ಚೆಕ್ ದೇಶದ ಬೃನೊ ಊರಿಗೆ ಐಟಿ ಕೆಲಸಕ್ಕೆ ಅಂತ ಬರೋ ನಮ್ಮವರಿಗೆ ಮೊದಲು ಸಿಗೋ ಸಲಹೆ ಅಂದ್ರೆ ಚೆಕ್ ಏನೂ ಬೇಡ ಗುರೂ, ಎಲ್ಲಾ ಇಂಗ್ಲಿಷಲ್ಲೇ ನಡೆಯುತ್ತೆ ಅಂತ. ಆಫೀಸ್ ಮಟ್ಟಿಗೆ ನಿಜಾನೇ. ಆದ್ರೆ ಲಿಫ್ಟಲ್ಲಿ ಸಿಗೋ ಮೇಲ್ಮನೆ ಅಜ್ಜಿ, ಬ್ರೆಡ್ ಅಂಗಡಿ ಹೆಂಗಸು, ಡಾಕ್ಟರ್ ಹತ್ರ ಕಾಯ್ತಾ ಕೂತಿರೋರು, ಇವರ್ಯಾರೂ ಆಫೀಸಲ್ಲಿ ಇರಲ್ಲ. ಇಲ್ಲಿ ಜನ ಸುಮ್ಸುಮ್ನೆ ನಗಲ್ಲ, ಆದ್ರೆ ನಮಸ್ಕಾರ ಹೇಳೋದನ್ನ ಮಾತ್ರ ಬಿಡಲ್ಲ. ಅಂಗಡಿ ಒಳಗೆ ಕಾಲಿಟ್ರೆ ದೊಬ್ರೀ ದೆನ್, ಡಾಕ್ಟರ್ ವೇಟಿಂಗ್ ರೂಮಿಗೆ ಹೋದ್ರೆ ಅಲ್ಲಿ ಕೂತ ಪರಿಚಯ ಇಲ್ಲದೋರಿಗೆಲ್ಲ ಸೇರಿಸಿ ಒಂದು ದೊಬ್ರೀ ದೆನ್, ಲಿಫ್ಟ್ ಇಳಿಯೋವಾಗ ನಸ್ಖ್ಲೆದನೊಉ, ಅಂದ್ರೆ ಹೋಗ್ಬರ್ತೀನಿ. ಬಾಯಿ ಮುಚ್ಕೊಂಡು ಬಂದು ಮುಚ್ಕೊಂಡೇ ಹೋದೋರನ್ನ ಒರಟು ಅಂತ ತಿಳ್ಕೋತಾರೆ. ಅದಕ್ಕೆ ನಾನು ವ್ಯಾಕರಣ ಪಕ್ಕಕ್ಕಿಟ್ಟು ಮೊದಲು ಇದನ್ನೇ ಹಿಡ್ಕೊಂಡೆ.

ಮೊದಲನೇ ಕೆಲಸ ಇಂಗ್ಲಿಷ್ ಸ್ಪೆಲ್ಲಿಂಗಲ್ಲಿ ಉಚ್ಚಾರ ಕೊಡೋ ಗೈಡುಗಳನ್ನ ಮುಚ್ಚಿಟ್ಟು ನೋಟ್‌ಬುಕ್ಕಲ್ಲಿ ಎಲ್ಲಾನೂ ಕನ್ನಡ ಅಕ್ಷರದಲ್ಲಿ ಬರ್ಕೊಳ್ಳೋಕೆ ಶುರು ಮಾಡಿದ್ದು. ಯಾಕಂದ್ರೆ ಚೆಕ್‌ನವರ ತ, ದ ಹೆಚ್ಚುಕಮ್ಮಿ ನಮ್ಮ ತ, ದನೇ, ಇಂಗ್ಲಿಷಿನ ಟ, ಡ ಅಲ್ಲ. ಪ, ಕ ಹೇಳೋವಾಗ ಇಂಗ್ಲಿಷಿನವರ ಥರ ಉಸಿರು ಹೊಡೆಯಲ್ಲ. ಹ ಅಂತೂ ನಮ್ಮ ಹಕಾರನೇ. ಆಮೇಲೆ ಹ್ರಸ್ವ ದೀರ್ಘ, ಇದು ನಮಗೆ ಪುಕ್ಕಟೆ ಸಿಕ್ಕಿದ್ದು. ಅಕ್ಷರದ ಮೇಲೆ ಓರೆ ಗೆರೆ ಇದ್ರೆ ಎಳೀಬೇಕು, ಇಲ್ಲಾಂದ್ರೆ ಇಲ್ಲ, ಅಷ್ಟೇ. ಪಸ್ ಅಂದ್ರೆ ಪಾಸ್‌ಪೋರ್ಟು, ಪಾಸ್ ಅಂದ್ರೆ ಬೆಲ್ಟು. ಬಳೆ ಬಾಳೆ ಅಂತ ಹೇಳ್ಕೊಂಡು ಬೆಳೆದೋರಿಗೆ ಇದನ್ನ ಬಿಡಿಸಿ ಹೇಳ್ಬೇಕಾ? ನನ್ನ ಕ್ಲಾಸಲ್ಲಿ ಇಂಗ್ಲಿಷ್ ಮಾತೃಭಾಷೆಯವರು ದೊಬ್ರೀ ಅನ್ನೋವಾಗ ಉದ್ದ ಇರೋ ರೀ ಮೇಲೇನೇ ಒತ್ತು ಹಾಕ್ತಿದ್ರು, ಟೀಚರ್ ದಿನಾ ತಿದ್ದೋರು. ಚೆಕ್‌ನಲ್ಲಿ ಒತ್ತು ಯಾವಾಗ್ಲೂ ಪದದ ಮೊದಲನೇ ಭಾಗಕ್ಕೆ, ಉದ್ದ ಎಲ್ಲಿ ಬೇಕಾದ್ರೂ ಇರಬಹುದು. ಎರಡೂ ಬೇರೆ ಬೇರೆ ಲೆಕ್ಕ.

ಇನ್ನೊಂದು, ಸ್ಕೂಲಲ್ಲಿ ವರ್ಣಮಾಲೆಯಲ್ಲಿ ಕಲಿತು ಆಮೇಲೆ ಒಂಟಿಯಾಗಿ ಎಲ್ಲೂ ಬಳಸದೇ ಇದ್ದ ಞ ಇಲ್ಲಿ ದಿನಕ್ಕೆ ನೂರು ಸಲ ಬೇಕು! ಇಲ್ಲ ಅನ್ನೋಕೆ ನೆಞೀ, ಥ್ಯಾಂಕ್ಸ್ ಹೇಳಿದ್ರೆ ವಾಪಸ್ ಹೇಳೋಕೆ ನೆಞೀ ಜ಼ಚ್. ಞ ಹೇಳೋವಾಗ ನಾಲಿಗೆ ಅಂಗುಳಕ್ಕೆ ಎಲ್ಲಿ ಅಂಟುತ್ತೋ ಅಲ್ಲೇ ಇಟ್ಕೊಂಡು ದ ಹೇಳೋಕೆ ನೋಡಿ, ದ ಮತ್ತೆ ಜ ನಡುವೆ ಒಂದು ಸದ್ದು ಬರುತ್ತೆ, ಥ್ಯಾಂಕ್ಸ್‌ಗೆ ಹೇಳೋ ದ್ಯೆಕುಯು ಶುರು ಆಗೋದು ಅದರಿಂದ್ಲೇ. ಕನ್ನಡದಲ್ಲಿ ದ್ಯ ಅಂತ ಬರ್ದಿದ್ದೀನಿ ಆದ್ರೆ ದ್ ಬೇರೆ ಯ ಬೇರೆ ಅಲ್ಲ, ಒಂದೇ ಸದ್ದು.

ಕನ್ನಡ ಲಿಪಿ ಕೈ ಕೊಡೋ ಜಾಗಗಳೂ ಇವೆ. ತ್ಸ ಅನ್ನೋ ಸದ್ದು ಒಂದು, ಗುಡ್ ನೈಟ್‌ಗೆ ದೊಬ್ರೊಉ ನೊತ್ಸ್ ಅಂತಾರೆ. ಮರಾಠಿ ಕಿವಿ ಇರೋ ಬೆಳಗಾವಿ ಕಡೆಯವರಿಗೆ ಇದು ತಕ್ಷಣ ಬರುತ್ತೆ, ಅಲ್ಲಿ ಚ ಎರಡು ಥರ ಇದೆ. ಆಮೇಲೆ ಗಂಟಲಿಂದ ಬರೋ ಖ಼, ಉರ್ದು ಕೇಳಿದೋರಿಗೆ ಗೊತ್ತಿರುತ್ತೆ. ಸಿ ಮತ್ತೆ ಹೆಚ್ ಎರಡಕ್ಷರ ಸೇರಿಸಿ ಬರೆದ್ರೂ ಅದನ್ನ ಒಂದೇ ಅಕ್ಷರ ಅಂತ ಲೆಕ್ಕ ಹಾಕ್ತಾರೆ, ಡಿಕ್ಷನರಿಲಿ ಹೆಚ್ ಆದ್ಮೇಲೆ ಹುಡುಕ್ಬೇಕು. ಬ್ರೆಡ್ಡಿಗೆ ಬರೆಯೋದು ಖ಼್ಲೇಬ್, ಹೇಳೋದು ಖ಼್ಲೇಪ್, ಯಾಕಂದ್ರೆ ಪದದ ಕೊನೇಲಿ ಬ, ದ, ಗ ಎಲ್ಲಾ ಗಟ್ಟಿಯಾಗಿ ಪ, ತ, ಕ ಆಗ್ತವೆ. ಸ್ವರ ಇಲ್ಲದ ಪದಗಳನ್ನ ನೋಡಿ ಎಲ್ಲಾರೂ ಹೆದರ್ತಾರೆ, ಆದ್ರೆ ಅದು ನಮ್ಮ ಋಕಾರದ ವ್ಯವಹಾರ. ಊರಿನ ಹೆಸರೇ ನೋಡಿ, ಬೃ-ನೊ, ಎರಡು ತುಂಡು. ಗಂಟಲಿಗೆ ಕೃಕ್, ಬೆರಳಿಗೆ ಪೃಸ್ತ್. ನಾವು ಕೃಷ್ಣ ಅನ್ನೋವಾಗ ಒಳಗೊಂದು ಉ ಅಥವಾ ಇ ನುಸುಳುತ್ತಲ್ಲ, ಅದನ್ನ ಮಾತ್ರ ತೆಗೀಬೇಕು. ಬೆರಳನ್ನ ಗಂಟಲೊಳಗೆ ತೂರಿಸು ಅನ್ನೋ ಅರ್ಥದ ಸ್ತೃಚ್ ಪೃಸ್ತ್ ಸ್ಕೃಸ್ ಕೃಕ್ ಅನ್ನೋ ಒಂದು ಸ್ವರ ಕೂಡ ಇಲ್ಲದ ವಾಕ್ಯನ ಹೊಸಬರಿಗೆಲ್ಲ ಹೇಳಿಸಿ ಮಜಾ ತಗೋತಾರೆ, ನಾನೂ ಈಗ ಹೊಸದಾಗಿ ಬಂದ ಹುಡುಗರಿಗೆ ಅದೇ ಮಾಡ್ತೀನಿ.

ಇನ್ನು ಆರ್ ಮೇಲೆ ಪುಟ್ಟ ಕೊಂಡಿ ಹಾಕಿರೋ ಅಕ್ಷರ. ಸಂಗೀತಗಾರ ದ್ವೊರ್ಝಾಕ್ ಹೆಸರಲ್ಲಿ ಇರೋದು ಅದೇ. ರ ಮತ್ತೆ ಝ ಒಂದಾದ್ಮೇಲೆ ಒಂದಲ್ಲ, ಎರಡೂ ಒಟ್ಟಿಗೆ. ಚೆಕ್ ಮಕ್ಕಳಿಗೇ ಎಲ್ಲಾ ಸದ್ದಿಗಿಂತ ಕೊನೆಗೆ ಬರೋದು ಇದು, ಬರದೇ ಇದ್ರೆ ಸ್ಪೀಚ್ ಥೆರಪಿಗೆ ಕರ್ಕೊಂಡು ಹೋಗ್ತಾರೆ. ಅಧ್ಯಕ್ಷರಾಗಿದ್ದ ವಾತ್ಸ್ಲಫ್ ಹವೆಲ್‌ಗೆ ಮಾಮೂಲಿ ರ ಕೂಡ ಸರಿಯಾಗಿ ಹೊರಳ್ತಿರಲಿಲ್ಲ ಅನ್ನೋದು ಇಲ್ಲಿ ಎಲ್ಲಾರಿಗೂ ಗೊತ್ತು, ಅದಕ್ಕೆ ತಲೆ ಕೆಡಿಸ್ಕೋಬೇಡಿ. ನಾನು ಮಾಡಿದ್ದು ಇಷ್ಟು: ರ್ರ್ರ್ ಅಂತ ಉದ್ದಕ್ಕೆ ಹೊರಳಿಸ್ತಾ ಹಾಗೇ ಮೇಲಿನ ಕೆಳಗಿನ ಹಲ್ಲು ಹತ್ರ ತಂದೆ, ಗಾಳಿ ಹಲ್ಲಿನ ಸಂದಿಲಿ ಉಜ್ಜಿಕೊಂಡು ಹೋಗ್ಬೇಕು. ಪ್ರಾಕ್ಟೀಸ್‌ಗೆ ಟ್ರ್ಯಾಮ್ ಸಾಕು (ಬೃನೊದವರು ಟ್ರ್ಯಾಮ್‌ಗೆ ಶಲಿನ ಅಂತಾರೆ, ಪ್ರಾಗಲ್ಲಿ ಹೋಗಿ ಅಂದ್ರೆ ಮುಖ ನೋಡ್ತಾರೆ). ಪ್ರತಿ ಸ್ಟಾಪಿಗೂ ಮುಂದಿನ ನಿಲ್ದಾಣ ಅನ್ನೋಕೆ ಪ್ರ್ಷೀಶ್ತ್ಯೀ ಜ಼ಸ್ತಾಫ್ಕ ಅಂತ ಬರುತ್ತೆ, ಅದರಲ್ಲಿ ಈ ಅಕ್ಷರ ಇದೆ, ಪಕ್ಕದಲ್ಲಿ ಪ ಇರೋದ್ರಿಂದ ಝ ಹೋಗಿ ಷ ಥರ ಕೇಳುತ್ತೆ. ಮಾಸ್ಕ್ ಹಾಕ್ಕೊಂಡಿದ್ದಾಗ ಯಾರಿಗೂ ಕಾಣದ ಹಾಗೆ ಜೊತೇಲೇ ಹೇಳ್ಕೋತಿದ್ದೆ.

ನಮಸ್ಕಾರಗಳಿಗೆ ಬರೋಣ. ನಮ್ಮಲ್ಲಿ ನೀನು ನೀವು ಇರೋ ಹಾಗೆ ಇಲ್ಲಿ ತಿ ಮತ್ತೆ ವಿ. ನೀನು ಅನ್ನೋರಿಗೆ ಅಹೊಯ್ ಅಥವಾ ಚಾವ್, ಎರಡೂ ಸಿಕ್ಕಾಗ್ಲೂ ಹೇಳಬಹುದು ಹೋಗೋವಾಗ್ಲೂ ಹೇಳಬಹುದು. ನೀವು ಅನ್ನೋರಿಗೆ ದೊಬ್ರೀ ದೆನ್, ಸಂಜೆ ದೊಬ್ರೀ ವೆಚೆರ್, ಹೋಗೋವಾಗ ನಸ್ಖ್ಲೆದನೊಉ. ನೀವು ಇಂದ ನೀನುಗೆ ಇಳಿಯೋದಕ್ಕೆ ಒಂದು ಪದ್ಧತಿ ಇದೆ, ವಯಸ್ಸಲ್ಲಿ ದೊಡ್ಡೋರು ಅಥವಾ ಹೆಂಗಸರು ಮೊದಲು ಹೇಳ್ಬೇಕು, ನಾವಾಗೇ ಶುರು ಮಾಡೋ ಹಾಗಿಲ್ಲ. ಐಟಿ ಆಫೀಸುಗಳಲ್ಲಿ ಸಾಮಾನ್ಯವಾಗಿ ಎಲ್ಲಾರೂ ನೀನೇ. ಹೆಸರು ಹಿಡಿದು ಕರೆಯೋವಾಗ ಸಂಬೋಧನಾ ವಿಭಕ್ತಿ ಬರ್ಬೇಕು, ತೊಮಾಶ್ ಇದ್ರೆ ತೊಮಾಶಿ, ಎವ ಇದ್ರೆ ಎವೊ, ಪೆತ್ರ್ ಆದ್ರೆ ಪೆತ್ರ್ಷೆ, ಅಲ್ಲೂ ಆ ದರಿದ್ರ ಅಕ್ಷರ.

ಬೃನೊ ದೇಶದ ಪೂರ್ವ ಭಾಗದ ಮೊರಾವಿಯಾಗೆ ಸೇರಿದ್ದು, ಇಲ್ಲಿನವರ ಬಾಯಲ್ಲಿ ನಸ್ಖ್ಲೆದನೊಉ ಅನ್ನೋದು ನಜ಼್ಹ್ಲೆದನೊಉ ಅಂತ ಕೇಳುತ್ತೆ. ಭಾಷೆ ಕಲಿಸೋ ಆ್ಯಪಲ್ಲಿ ಒಂದು ಥರ, ಅಂಗಡೀಲಿ ಇನ್ನೊಂದು ಥರ ಕೇಳಿ ಗಾಬರಿ ಆಗ್ಬೇಡಿ, ಎರಡೂ ಸರಿ. ಅವಸರದಲ್ಲಿರೋರು ದೊಬ್ರೀ ದೆನ್ ಅನ್ನೋದನ್ನೂ ನುಂಗಿ ಬ್ರೀ ದೆನ್ ಅಷ್ಟೇ ಅಂತಾರೆ. ಪ್ರೊಸೀಮ್ ಒಂದೇ ಪದಕ್ಕೆ ನಾಲ್ಕು ಕೆಲಸ: ದಯವಿಟ್ಟು, ತಗೊಳ್ಳಿ, ಪರವಾಗಿಲ್ಲ, ಮತ್ತೆ ಪ್ರಶ್ನೆ ಥರ ಎಳೆದ್ರೆ ಏನಂದ್ರಿ ಅಂತ. ಹೌದು ಅನ್ನೋಕೆ ಅನೊ, ಅದನ್ನ ತುಂಡು ಮಾಡಿ ನೊ ನೊ ಅಂತಾರೆ, ಇಂಗ್ಲಿಷ್ ಕಿವಿಗೆ ಬೇಡ ಅಂದ ಹಾಗೆ ಕೇಳುತ್ತೆ. ಬೇಡಕ್ಕೆ ನೆ. ಯಕ್ ಸೆ ಮಾತೆ, ಹೇಗಿದ್ದೀರಾ ಅಂತ ಅಂಗಡಿಯವರನ್ನೆಲ್ಲ ಕೇಳೋಕೆ ಹೋಗ್ಬೇಡಿ, ಅದು ಪರಿಚಯ ಇರೋರಿಗೆ ಮಾತ್ರ, ಕೇಳಿದ್ರೆ ಅವರು ನಿಜವಾಗ್ಲೂ ಮಂಡಿ ನೋವು ಸಮೇತ ಹೇಳ್ತಾರೆ. ಊಟಕ್ಕೆ ಕೂತೋರಿಗೆ ದೊಬ್ರೊಉ ಖ಼ುತ್ಯ್, ಬಿಯರ್ ಗ್ಲಾಸ್ ತಾಗಿಸೋವಾಗ ಕಣ್ಣಲ್ಲಿ ಕಣ್ಣಿಟ್ಟು ನಜ಼್ದ್ರವೀ, ಸೀನಿದೋರಿಗೂ ಅದೇ.

ಪರ್ಮನೆಂಟ್ ರೆಸಿಡೆನ್ಸ್ ಬೇಕು ಅನ್ನೋರಿಗೆ ಇದಿಷ್ಟೇ ಸಾಲಲ್ಲ, 2021ರ ಸೆಪ್ಟೆಂಬರ್‌ನಿಂದ ಭಾಷಾ ಪರೀಕ್ಷೆ ತೀರಾ ಮೊದಲ ಹಂತದ ಎ1 ಇದ್ದದ್ದು ಅದರ ಮೇಲಿನ ಹಂತ ಎ2 ಆಗಿದೆ, ವಿಭಕ್ತಿ ಏಳು ಕಲೀಲೇಬೇಕು. ಅದರ ರುಚಿ ಬ್ರೆಡ್ ಅಂಗಡೀಲೇ ಸಿಗುತ್ತೆ, ರೊಹ್ಲೀಕ್ ಅನ್ನೋ ಉದ್ದನೆ ಬನ್ನು ಕೇಳೋವಾಗ ಎರಡರಿಂದ ನಾಲ್ಕರವರೆಗೆ ರೊಹ್ಲೀಕಿ, ಐದಾದ ತಕ್ಷಣ ರೊಹ್ಲೀಕೂ. ನಮ್ಮ ಫ್ರೆಂಡ್ ಒಬ್ಬ ಈ ತಾಪತ್ರಯಾನೇ ಬೇಡ ಅಂತ ಮನೆಗೆ ಎಷ್ಟೇ ಜನ ಬಂದಿರ್ಲಿ ನಾಲ್ಕೇ ತಗೊಂಡು ಬರ್ತಾನೆ.