ಎಐ ಬಿಡಿಸಿಕೊಟ್ಟದ್ದನ್ನು ಹಿರಿಯರಿಗೆ ವಿವರಿಸಿ

ಸಾಫ್ಟ್‌ವೇರ್ ಸಂದರ್ಶನಕ್ಕೆ ಸಿದ್ಧರಾಗುತ್ತಿರುವ ಕೊಡಗಿನ ಗೆಳೆಯರೇ, ಎಐ ನೆರವಿನಿಂದ ಬಿಡಿಸಿದ ಸಮಸ್ಯೆಯನ್ನು ಮರುದಿನ ಪರದೆ ನೋಡದೆ, ಅದೇ ವೃತ್ತಿಯಲ್ಲಿರುವ ಹಿರಿಯರೊಬ್ಬರಿಗೆ ಫೋನಿನಲ್ಲಿ ಬಾಯಿಬಿಟ್ಟು ವಿವರಿಸಿ. ಎಐ ಸಾಮಾನ್ಯವಾಗಿ ಉತ್ತರ ಕೊಟ್ಟು ಸುಮ್ಮನಾಗುತ್ತದೆ. ಅನುಭವಿಗಳು ನಡುವೆಯೇ ತಡೆದು, ‘10 ಲಕ್ಷ ದಾಖಲೆಗಳಿಗೆ ಬೈನರಿ ಸರ್ಚ್‌ನಲ್ಲಿ (ಪಟ್ಟಿಯನ್ನು ಪ್ರತಿ ಸಲ ಅರ್ಧಕ್ಕಿಳಿಸುತ್ತಾ ಹುಡುಕುವ ವಿಧಾನ) ಸುಮಾರು 20 ಹೋಲಿಕೆ ಸಾಕು, ಸರಿ. ಪಟ್ಟಿ ಕ್ರಮವಾಗಿ ಜೋಡಣೆಯಾಗಿರದಿದ್ದರೆ?’ ಎಂದು ಕೇಳುತ್ತಾರೆ. ಸಂದರ್ಶನದಲ್ಲಿ ತಡವರಿಸುವುದು ಇಂಥಲ್ಲೇ. ಸಂದರ್ಶನ ನಡೆಯುವಾಗ ಗುಟ್ಟಾಗಿ ಎಐ ತೆರೆದಿಡುವುದಂತೂ ಬೇಡವೇ ಬೇಡ. ಪಕ್ಕಕ್ಕೆ ಹೊರಳುವ ಕಣ್ಣು ಎದುರಿನವರಿಗೆ ಕಾಣುತ್ತದೆ, ಅದು ಮೋಸವೂ ಹೌದು. ಮೂಲಪಾಠವೇ ಬಾರದವರಿಗೆ ಈ ಉಪಾಯ ಫಲಿಸದು, ಅವರು ಮೊದಲು ಎಐ ಜೊತೆ ನಿಧಾನವಾಗಿ ಕಲಿಯಲಿ. ಕಕ್ಕಡ ತಿಂಗಳ ಮಳೆಗೆ ಕರೆಂಟೂ ಟವರೂ ಹೋದ ದಿನ, ಅದೇ ವಿವರಣೆಯನ್ನು ಕಾಗದದ ಮೇಲೆ ಬರೆದಿಡಿ.